ನಾಲ್ಕು ಸೆಕೆಂಡಿಗೊಮ್ಮೆ ಎದ್ದ ಬೆರಳು

ಪೀಣ್ಯ, ಮಂಗಳವಾರ

ಅಪ್ಪಾ, ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. ನನ್ನ ಕೆಮ್ಮು ವಾಸಿಯಾಗಿದೆ.

ಇಲ್ಲಿನ ತಗಡು ಒತ್ತುವ ಪ್ರೆಸ್ ಕಾರ್ಖಾನೆಯ ಕೆಲಸಗಾರರ ಕಿವಿ ಪರೀಕ್ಷಿಸುವುದು ನಮ್ಮ ಸಂಶೋಧನೆ. ಸದ್ದು ನುಸುಳದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಹೆಡ್‌ಫೋನಿನಲ್ಲಿ ಬೀಪ್ ಕೇಳಿದಾಗ ಬೆರಳೆತ್ತಿ ಎನ್ನುತ್ತೇವೆ. ಇವತ್ತು ನಾನು ಬೀಪ್ ಹಾಕುವ ಮೊದಲೇ ಮಲಕಪ್ಪ ಎಂಬವರು ನಾಲ್ಕು ಸೆಕೆಂಡಿಗೊಮ್ಮೆ ಬೆರಳೆತ್ತತೊಡಗಿದರು. ಆಮೇಲೆ ಬಂದ ಹತ್ತು ಮಂದಿಯೂ ಹಾಗೆಯೇ, ಅದೇ ನಾಲ್ಕು ಸೆಕೆಂಡು. ಅವರ ಪ್ರೆಸ್ ಹೊಡೆಯುವುದೂ ನಾಲ್ಕು ಸೆಕೆಂಡಿಗೊಮ್ಮೆ.

ಮಲಕಪ್ಪನವರನ್ನು ಕರೆದು, “ಪ್ರೆಸ್ ಮಷೀನು ಮೊನ್ನೆಯಿಂದ ಬಂದ್ ಐತಲ್ಲಣ್ಣ?” ಎಂದೆ.

“ಎಲ್ಲಿ ಬಂದ್ ಐತ್ರೀ ಮೇಡಂ? ಹೊಡಿಯಾಕತ್ತೈತಲ್ಲ, ಕೇಳ್ರಿ” ಎಂದರು.

ಪವರ್‌ಲೂಮ್ ಮಾರಿ ಆರು ವರ್ಷವಾದರೂ ನೀವು “ಮಗ್ಗ ನಡದೈತಿ” ಎನ್ನುತ್ತಿದ್ದಿರಿ, ನಾನು ನಗುತ್ತಿದ್ದೆ. ಇನ್ನು ನಗುವುದಿಲ್ಲ. ಈಗಲೂ ಮಗ್ಗ ನಡೆದಿದೆಯೇ? ಅವ್ವನಿಗೆ ಹೇಳದೆ ನನಗೆ ಬರೆಯಿರಿ.

ದಾನೇಶ್ವರಿ