ಮೋಡ ಒತ್ತಿದ ಸಂಜೆ

ಸೋಮವಾರ, ಅಂಗಡಿಯಲ್ಲಿ ಊಟದ ಬಿಡುವು

ಅಕ್ಕನಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ.

ನಿನ್ನ ಕಾಗದದ ತುಂಬ ನನ್ನ ಊಟ, ನಿದ್ದೆ, ಆರೋಗ್ಯದ ವಿಚಾರಣೆ. ಅಸಲು ಮಾತು ಕೊನೆಯಲ್ಲಿದೆ: ಕೋರ್ಟಿಗೆ ಕೊಡುವ ರೆಕಾರ್ಡಿಂಗಿನಿಂದ ನಿನ್ನ ದನಿ ಇರುವ ಭಾಗವನ್ನು ತೆಗೆಸಬೇಕಂತೆ. ಭಾವನವರ ಮರ್ಯಾದೆಯ ಪ್ರಶ್ನೆಯಂತೆ.

ತೆಗೆಸುವುದಿಲ್ಲ.

ಆ ಸಂಜೆಯ ವಿಷಯವನ್ನು ನೀನು ನನ್ನ ಗಂಡನ ಬಾಯಿಂದಷ್ಟೇ ಕೇಳಿದ್ದೀ. ಈಗ ನನ್ನಿಂದ ಕೇಳು. ಅವನನ್ನು ‘ಅವರು’ ಎನ್ನುವುದನ್ನು ನಾನು ಬಿಟ್ಟಿದ್ದೇನೆ.

ಅದಕ್ಕೂ ಮೊದಲೊಮ್ಮೆ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ, ಮೆಟ್ಟಿಲಿನಿಂದ ಜಾರಿದೆ ಎಂದಿದ್ದೆ. ನರ್ಸ್ ನಂಬಲಿಲ್ಲ. ಎಕ್ಸ್‌ರೇ ಕೋಣೆಗೆ ಬೇರೆಯವರು ಬರುವಂತಿಲ್ಲವೆಂದು ಅವನನ್ನು ಹೊರಗೆ ಕೂರಿಸಿ, ನನ್ನ ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. ನೋಡಲು ಹವಾಮಾನದ್ದು, ನಾಳೆ ಬಿಸಿಲೋ ಮಳೆಯೋ ನಿಜವಾಗಿಯೂ ಹೇಳುತ್ತದೆ. ಆದರೆ ಅದರ ಮೋಡದ ಗುರುತನ್ನು ಒತ್ತಿ ಹಿಡಿದರೆ, ನಾವು ಆರಿಸಿಟ್ಟ ಇಬ್ಬರಿಗೆ ಸುದ್ದಿ ಮುಟ್ಟುತ್ತದೆ. ನಾವಿರುವ ಜಾಗ ಅವರಿಗೆ ತಿಳಿಯುತ್ತದೆ, ಕೋಣೆಯ ಸದ್ದೆಲ್ಲ ಅವರ ಫೋನಿನಲ್ಲಿ ದಾಖಲಾಗುತ್ತದೆ.

ಯಾರಿಬ್ಬರು ಎಂದಾಗ ಹಿಂದೆಮುಂದೆ ನೋಡದೆ ನಿನ್ನ ಹೆಸರು ಹೇಳಿದೆ. ಅವತ್ತೇ ನಿನಗೂ ತಿಳಿಸಿದೆ. ಎರಡನೆಯದಕ್ಕೆ ಯಾರೂ ಹೊಳೆಯದೆ, ನಮ್ಮ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಕೂರುವ ಗಿಣಿಯನ್ನು ಸೇರಿಸಿದೆ. ಬಾಯಿಗೆ ಬೀಗವಿಲ್ಲದ್ದಕ್ಕೆ ಅವಳಿಗೆ ಆ ಹೆಸರು. ಅವಳ ಸಹವಾಸ ಬಿಡು ಎಂದು ನೀನೇ ಎಷ್ಟೋ ಸಲ ಹೇಳಿದ್ದೆ.

ಆ ಸಂಜೆ ಮನೆಗೆ ಬರುವುದು ತಡವಾಯಿತು. ಗಿರಾಕಿಯೊಬ್ಬರ ಫ್ರೇಮು ಮುರಿದಿತ್ತು. ಕನ್ನಡಕವಿಲ್ಲದೆ ಅವರು ಬಸ್ಸಿನ ಬೋರ್ಡು ಓದುವಂತಿರಲಿಲ್ಲ. ಅವನಿಗೆ ಹಾಗೆಯೇ ಹೇಳಿದೆ. ಗಿರಾಕಿ ಗಂಡಸೋ ಹೆಂಗಸೋ ಎಂದು ಕೇಳಿದ. ಮುಂದಿನದನ್ನು ಬರೆಯುವುದಿಲ್ಲ, ನ್ಯಾಯಾಧೀಶರ ಮುಂದೆ ಹೇಳಲಿದ್ದೇನೆ. ಅಡುಗೆಮನೆಯಲ್ಲಿ ಬಿದ್ದಲ್ಲಿಂದಲೇ ಮೋಡ ಒತ್ತಿದೆ.

ಸ್ವಲ್ಪ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ನಿನ್ನ ಹೆಸರು ಕಂಡು, ಬದುಕಿದೆ ಎಂದುಕೊಂಡೆ. ಅವನು ಸ್ಪೀಕರಿಗೆ ಹಾಕಿದ.

“ಅವ್ಳು ಮೊದ್ಲಿಂದ್ಲೂ ಸ್ವಲ್ಪ ಹಠಮಾರಿ, ನೀವೇ ದೊಡ್ಡ ಮನಸ್ಸು ಮಾಡಿ,” ಎಂದೆ ನೀನು. “ಫೋನಲ್ಲಿ ಅದೇನೋ ಹವಾಮಾನದ್ದು ಹಾಕ್ಕೊಂಡಿದಾಳೆ, ಮೊದ್ಲು ಅದನ್ನ ತೆಗೆಸಿ. ಕಂಡೋರಿಗೆಲ್ಲ ಕೇಳೋದು ಬೇಡ.”

ಅವನು ನನ್ನ ಫೋನು ಕಿತ್ತುಕೊಂಡ. ಯಾವ ಬೆರಳಲ್ಲಿ ಒತ್ತಿದೆ ಎಂದು ಮೆಲ್ಲಗೆ ಕೇಳಿದ. ನಾನು ಹೇಳಲಿಲ್ಲ, ಅವನೇ ಆರಿಸಿದ. ಬಲಗೈಯ ತೋರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕನ್ನಡಕದ ಸಣ್ಣ ತಿರುಪುಗಳನ್ನು ಎಡಗೈಯಲ್ಲಿ ಕೂರಿಸಲು ಕಲಿಯುತ್ತಿದ್ದೇನೆ. ಆಮೇಲೆ ಫೋನನ್ನು ಬಕೆಟ್ಟಿನ ನೀರಿಗೆ ಹಾಕಿದ. ಅಲ್ಲಿಯವರೆಗಿನದೆಲ್ಲ ಗಿಣಿಯ ಫೋನಿನಲ್ಲಿದೆ. ನಿನ್ನ ಫೋನಿಗೆ ಬಂದದ್ದನ್ನು ನೀನು ಕೇಳದೆಯೇ ಅಳಿಸಿರಬೇಕು.

ಬಂದವಳು ಅವಳು. ಪೊಲೀಸರಿಗೆ ತಿಳಿಸಿ, ಅವರಿಗೂ ಮೊದಲೇ ನಮ್ಮ ಬಾಗಿಲಿಗೆ ಬಂದಳು. ಇದು ಗಂಡ ಹೆಂಡತಿಯ ವಿಷಯ, ನಾಳೆ ಬನ್ನಿ ಎಂದು ಅವನು ಒಳಗಿನಿಂದಲೇ ಸಾಗಹಾಕಲು ನೋಡಿದ. ದಿನವಿಡೀ ವಟಗುಟ್ಟುವವಳು ಅವತ್ತು ಆಡಿದ್ದು ಎರಡೇ ಮಾತು.

“ನಾನೆಲ್ಲ ಕೇಳಿಸ್ಕೊಂಡಿದೀನಿ. ಅವ್ಳು ಹೊರಗೆ ಬರೋವರ್ಗೂ ಬೆಲ್ ಒತ್ತಾನೇ ಇರ್ತೀನಿ.”

ಒತ್ತುತ್ತಲೇ ಇದ್ದಳು. ಮೇಲಿನ ಮನೆಯವರು, ಕೆಳಗಿನ ಮನೆಯವರು ಮೆಟ್ಟಿಲಿಗೆ ಬಂದು ನಿಂತರು. ಅವನು ನಗುತ್ತಾ ಬಾಗಿಲು ತೆರೆದ. ನಾನು ಚಪ್ಪಲಿಯನ್ನೂ ಹುಡುಕದೆ ಹೊರಗೆ ನಡೆದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಬರೆದಿದ್ದೀ. ಆ ಗಾದೆ ಕಟ್ಟಿದವರ ಮುಖಕ್ಕೆ ಉಣ್ಣುವ ತಟ್ಟೆ ಬಿದ್ದಿರಲಿಕ್ಕಿಲ್ಲ. ಹೆದರಿ ಹಾಗೆ ಹೇಳಿಬಿಟ್ಟೆ ಎಂದೂ ಬರೆದಿದ್ದೀ. ಯಾರಿಗೆ ಹೆದರಿ ಎಂದು ಬರೆದಿಲ್ಲ.

ಈಗಿರುವ ಮನೆಯ ವಿಳಾಸ ಕೇಳಬೇಡ. ನಿನಗೆ ಕೊಟ್ಟರೆ ಸಂಜೆಯೊಳಗೆ ಅವನ ಕಿವಿಗೆ ಬಿದ್ದಿರುತ್ತದೆ. ಬರೆಯುವುದಾದರೆ ಅಂಗಡಿಗೇ ಬರೆ. ಇಲ್ಲಿಗೆ ಅವನು ಕಾಲಿಡದಂತೆ ಕೋರ್ಟಿನ ಆದೇಶವಿದೆ. ನಿನ್ನ ದನಿ ಇದ್ದಲ್ಲೇ ಇರುತ್ತದೆ. ಕೋರ್ಟಿನಲ್ಲಿ ಕೂತು ನೀನೂ ಒಮ್ಮೆ ಕೇಳು.

ಇಂತಿ,
ಇನ್ನೂ ನಿನ್ನ ತಂಗಿಯೇ ಆಗಿರುವ
ನಾನು

ಮರೆತಿದ್ದೆ: ಕಾಗದದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಆ ಆಪಿನ ಹೆಸರೇನು ಎಂದು ಕೇಳಿದ್ದೀ. ಪಕ್ಕದ ಮನೆಯವಳಿಗೆ ಬೇಕಂತೆ. ನಿಮ್ಮ ಪಕ್ಕದ ಮನೆ ಖಾಲಿ ಬಿದ್ದು ವರ್ಷವಾಯಿತಲ್ಲ, ಅಕ್ಕ. ಅದಕ್ಕೇ ಇದನ್ನು ಮನೆಗೆ ಕಳಿಸದೆ, ನೀನು ಕೆಲಸ ಮಾಡುವ ಲೈಬ್ರರಿಗೆ ಕಳಿಸುತ್ತಿದ್ದೇನೆ. ಓದಿ ಹರಿದುಬಿಡು. ಕನ್ನಡಕ ಸಡಿಲವಾಗಿದೆ ಎಂದು ಭಾವನಿಗೆ ಹೇಳಿ ಅಂಗಡಿಗೆ ಬಾ, ಫೋನು ತಾ. ಗಿಣಿ ಆಗಲೇ ತನ್ನ ಹೆಸರು ಸೇರಿಸು ಎಂದಿದ್ದಾಳೆ, ಇನ್ನೊಂದು ನನ್ನದು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ನೀನು ಒತ್ತಿದ ದಿನ ನಾನು ಭಾವನಿಗೆ ಫೋನು ಮಾಡುವುದಿಲ್ಲ, ಬಾಗಿಲಿಗೆ ಬರುತ್ತೇನೆ.