ಕೆಂಚನ ಕೊರಳಿನ ಉಣ್ಣೆದಾರ

ಡಬ್ಲಿನ್, ಮಂಗಳವಾರ

ಅವ್ವ,

ನಾನೇನೋ ಬಂದು ಮುಟ್ಟಿದೆ. ನಮ್ಮ ನಾಯಿ ಕೆಂಚ ಇನ್ನೂ ವಿಮಾನ ನಿಲ್ದಾಣದಲ್ಲೇ ಇದ್ದಾನೆ. ಚಿಪ್, ರೇಬೀಸ್ ಇಂಜೆಕ್ಷನ್, ರಕ್ತಪರೀಕ್ಷೆ ಎಲ್ಲವೂ ಸರಿಯಿತ್ತು. ಅಲ್ಲಿನ ಪ್ರಾಣಿಗಳ ಡಾಕ್ಟರಮ್ಮ ಅವನ ಕೊರಳ ಬೆಲ್ಟ್ ಬಿಚ್ಚಿದರೆ ಒಳಗೆ ನೀನು ಕಟ್ಟಿದ ಕರಿಕುರಿಯ ಉಣ್ಣೆದಾರ! ನನಗೊಂದು ಮಾತು ಹೇಳಬಾರದಿತ್ತೇ? ಹಟ್ಟಿಯ ಉಣ್ಣೆ ಇಲ್ಲಿಗೆ ತರುವಂತಿಲ್ಲವಂತೆ. ಕತ್ತರಿಸಿ, ಚೀಲಕ್ಕೆ ಹಾಕಿ ಸೀಲ್ ಮಾಡಿದರು. ಅದರಲ್ಲಿ ಹುಳು ಸಿಕ್ಕರೆ ಕೆಂಚನನ್ನು ವಾಪಸ್ ಕಳಿಸುತ್ತಾರಂತೆ, ನಾಳೆ ತಿಳಿಯುತ್ತದೆ. ಅವನು ಊಟ ಮುಟ್ಟಿಲ್ಲ. ನನಗೆ ನೆಗಡಿ, ಅಷ್ಟೆ. ಆಸ್ಪತ್ರೆ ಕೆಲಸ ಸೋಮವಾರದಿಂದ.

ಹೊರಡುವಾಗ "ಒಸಿ ತೋಳು ಕೊಡು ಮಗ, ದಿಷ್ಟಿ ಆದಾತು" ಎಂದು ನನಗೂ ಕಟ್ಟಿದೆಯಲ್ಲ, ಅದು ಸ್ವೆಟರಿನೊಳಗೆ ಹಾಗೇ ಇದೆ. ನನ್ನನ್ನು ಯಾರೂ ತಡವಿ ನೋಡಲಿಲ್ಲ. ಕತ್ತರಿ ಹಿಡಿದು ಕೂತಿದ್ದೇನೆ, ಕೈ ಏಳುತ್ತಿಲ್ಲ.

ವನಜ