ಸಿಯೋಲ್‌ನಲ್ಲಿ ಮಾಡಿದ ತುಳು ಪ್ರಾರ್ಥನೆ

...ಪರಭಾಷೆಯಲ್ಲಾದರೆ ದೇವರಿಗೂ ಸುಳ್ಳು ಹೇಳಬಹುದು ಎಂದೋ ಏನೋ ಬದುಕಿದ್ದಾಗ ನೀನೇ ಒಮ್ಮೆ ಅಂದಿದ್ದೆ, ಅಮ್ಮ.

ಸಿಯೋಲ್‌ನ ಮಿಷನ್ ಸಮ್ಮೇಳನದಿಂದ ಮರಳಿ, ನಿನ್ನೆ ಡೊಂಬಿವಲಿಯ ನಮ್ಮ ತುಳುವರ ಚರ್ಚಿನಲ್ಲಿ ವರದಿ ಒಪ್ಪಿಸಿದೆ. ನನ್ನ ಪ್ರಯಾಣದ ಖರ್ಚಿಗೆಂದು ಚರ್ಚಿನ ಬೆಳೆಹಬ್ಬದ ಹರಾಜಿನಲ್ಲಿ ಒಂದೇ ಕುಂಬಳಕಾಯಿಗೆ ಜಿದ್ದಿಗೆ ಬಿದ್ದು ಬೆಲೆ ಕೂಗಿದವರೆಲ್ಲ ಎದುರಿಗಿದ್ದರು.

"ಅಲ್ಲಿ ಎಲ್ಲರೂ ತಂತಮ್ಮ ಮನೆಮಾತಿನಲ್ಲಿ ಪ್ರಾರ್ಥಿಸಿದರು," ಎಂದೆ.

ಅವರ ನಡುವಿನಿಂದ ಬಾಗಿಯಕ್ಕ ಎದ್ದೇ ನಿಂತರು. "ಹಾಗಾದ್ರೆ ನೀನು ತುಳುವಿನಲ್ಲಿ ಮಾಡಿದ್ಯಲ್ಲ ಮಾರಾಯ?"

"ಹೌದಕ್ಕ."

"ಕೇಳಿದ್ರಾ? ನಮ್ಮ ಕುಂಬಳಕಾಯಿ ದಂಡ ಆಗ್ಲಿಲ್ಲ!"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ನಿಜವೆಂದರೆ, ಸಿಯೋಲ್‌ನಲ್ಲಿ ತುಳು ಪ್ರಾರ್ಥನೆಗೆಂದು ಬಾಯಿ ತೆರೆದಾಗ ಒಂದು ಮಾತೂ ಬರದೆ ನಾನು ಇಂಗ್ಲಿಷಿಗೆ ಹೊರಳಿದ್ದೆ. ಬರುವ ಭಾನುವಾರ ತುಳು ಪ್ರಾರ್ಥನೆ ನಡೆಸಲು ಈಗ ಚರ್ಚಿನವರು ನನಗೇ ಹೇಳಿದ್ದಾರೆ. ಚಿಕ್ಕಂದಿನಲ್ಲಿ ಮಲಗಿಸುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟು ನೀನು ತುಳುವಿನಲ್ಲಿ ಪ್ರಾರ್ಥಿಸುತ್ತಿದ್ದೆಯಲ್ಲ, ಅದರ ಮೊದಲ ಮಾತು ಏನಮ್ಮ?